ಗಾಲ್ಫ್ ಪ್ರಶ್ನೋತ್ತರ: ಗಟ್ಟಿ ನೆಲ, ಆಷಾಢದ ಗಾಳಿ ಮತ್ತು ನೂರು ಚೆಂಡುಗಳ ಅಭ್ಯಾಸ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರವು. ಬರೆದವರಲ್ಲಿ ಬಹುಮಂದಿ ಊರ ಹೊರಗಿನ ಬಯಲಲ್ಲಿ ಅಥವಾ ಹಿತ್ತಲಿನಲ್ಲಿ ಕಟ್ಟಿದ ಬಲೆಯ ಮುಂದೆ ಅಭ್ಯಾಸ ಮಾಡಿ, ರಜೆ ಸಿಕ್ಕಾಗ ಬೆಂಗಳೂರಿಗೋ ಮೈಸೂರಿಗೋ ಹೈದರಾಬಾದಿಗೋ ಹೋಗಿ ಆಡುವವರು. ಅಭ್ಯಾಸದ ನೆಲ ಒಂದು, ಆಟದ ನೆಲ ಇನ್ನೊಂದು ಆಗಿರುವುದರಿಂದಲೇ ಇವರ ಬಹುಪಾಲು ತೊಂದರೆಗಳು ಹುಟ್ಟಿವೆ ಎಂದು ನನಗೆ ಅನ್ನಿಸುತ್ತದೆ. ಉತ್ತರಗಳನ್ನು ಬರೆಯುವಾಗ ಈ ಸಂಗತಿಯನ್ನೇ ಮುಂದಿಟ್ಟುಕೊಂಡಿದ್ದೇನೆ. ಲೆಕ್ಕವೆಲ್ಲ ಬಲಗೈ ಆಟಗಾರರಿಗೆ ಹೇಳಿದ್ದು. ಎಡಗೈಯವರು ದಿಕ್ಕನ್ನು ಅದಲುಬದಲು ಮಾಡಿಕೊಳ್ಳಬೇಕು.

ಪ್ರಶ್ನೆ: ಮಾನ್ಯರೇ, ಹೈದರಾಬಾದಿಗೆ ಹೋದಾಗಲೆಲ್ಲ ಡ್ರೈವಿಂಗ್ ರೇಂಜಿನಲ್ಲಿ (ಅಭ್ಯಾಸದ ಬಯಲಿನಲ್ಲಿ) ಡ್ರೈವರ್ (ಅತಿ ದೂರಕ್ಕೆ ಹೊಡೆಯುವ ಕ್ಲಬ್, ಅಂದರೆ ದಾಂಡು) ಹಿಡಿದು ಒಂದೇ ಸಮನೆ ನೂರು ಚೆಂಡು ಹೊಡೆಯುತ್ತೇನೆ. ಕೊನೆಕೊನೆಯ ಚೆಂಡುಗಳು ನೇರವಾಗಿ ಹೋಗುತ್ತವೆ. ಮರುದಿನ ಮೈದಾನಕ್ಕಿಳಿದರೆ ಮೊದಲ ಟೀಯಿಂದಲೇ (ಆಟ ಶುರುಮಾಡುವ ಜಾಗದಿಂದಲೇ) ಚೆಂಡು ಬಲಕ್ಕೆ ತಿರುಗಿ ರಫ್ (ಅಂಚಿನ ಉದ್ದ ಹುಲ್ಲು) ಸೇರುತ್ತದೆ. ನನ್ನ ಅಭ್ಯಾಸ ಸಾಲದೆ?
— ಓದುಗರೊಬ್ಬರು, ರಾಯಚೂರು

ಉತ್ತರ: ನಿಮ್ಮ ಅಭ್ಯಾಸ ಸಾಲದೆ ಹೋಗಿಲ್ಲ, ಅದರ ರೀತಿ ಬದಲಾಗಬೇಕಾಗಿದೆ. ಒಂದೇ ಕ್ಲಬ್ಬಿನಿಂದ, ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ ಚೆಂಡಿನ ಮೇಲೆ ಚೆಂಡು ಹೊಡೆಯುವಾಗ ಹಿಂದಿನ ಹೊಡೆತದ ತಪ್ಪು ಕೈಯಲ್ಲಿ ಇನ್ನೂ ಹಸಿಯಾಗಿರುತ್ತದೆ. ಮುಂದಿನ ಹೊಡೆತದಲ್ಲಿ ಅದನ್ನು ತಿದ್ದಿಕೊಳ್ಳುವುದು ಸುಲಭ. ಐವತ್ತನೆಯ ಚೆಂಡು ನೇರವಾಗಿ ಹೋಗುವುದು ಹೀಗೆ ನಲವತ್ತೊಂಬತ್ತು ಸಲ ತಿದ್ದಿಕೊಂಡದ್ದರ ಫಲ. ಮೈದಾನದಲ್ಲಿ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಹಲವು ನಿಮಿಷಗಳ ನಡಿಗೆ ಇರುತ್ತದೆ, ಕ್ಲಬ್ ಬದಲಾಗುತ್ತದೆ, ನೆಲ ಬದಲಾಗುತ್ತದೆ, ತಿದ್ದಿಕೊಳ್ಳಲು ಎರಡನೆಯ ಚೆಂಡು ಸಿಗುವುದಿಲ್ಲ.

ದೇಹದ ಚಲನೆಗಳನ್ನು ಮನುಷ್ಯರು ಹೇಗೆ ಕಲಿಯುತ್ತಾರೆ ಎಂಬುದನ್ನು ಪರೀಕ್ಷಿಸಿದ ಶಿಯಾ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಒಂದು ಮಹತ್ವದ ಸಂಗತಿಯನ್ನು ತೋರಿಸಿದರು. ಒಂದೇ ಕೆಲಸವನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಹಲವು ಕೆಲಸಗಳನ್ನು ಬೆರೆಸಿ ಮಾಡಿದವರು ಆಗ ತಡವರಿಸಿದರೂ ಆಮೇಲಿನ ಪರೀಕ್ಷೆಯಲ್ಲಿ ಅವರೇ ಮುಂದೆ ಬಂದರು. 1986ರಲ್ಲಿ ಬ್ಯಾಡ್ಮಿಂಟನ್ನಿನ ಮೂರು ಬಗೆಯ ಸರ್ವ್‌ಗಳನ್ನು ಕಲಿಸುವಾಗಲೂ ಇದೇ ಕಂಡುಬಂದಿತು. ಅಂದರೆ ಅಭ್ಯಾಸ ಸಲೀಸಾಗಿ ಸಾಗುತ್ತಿದೆ ಎಂಬ ಸಮಾಧಾನವನ್ನು ಕಲಿಕೆಯ ಗುರುತೆಂದು ಪೂರ್ತಿ ನಂಬುವಂತಿಲ್ಲ. ಹಿಡಿತವನ್ನೋ ನಿಲುವನ್ನೋ ಹೊಸದಾಗಿ ತಿದ್ದಿಕೊಳ್ಳುವಾಗ ಮಾತ್ರ ಒಂದೇ ಹೊಡೆತವನ್ನು ಹತ್ತಿಪ್ಪತ್ತು ಸಲ ಮಾಡುವುದರಲ್ಲಿ ಅರ್ಥವಿದೆ. ಅದು ಕೈಗೆ ಹತ್ತಿದ ಕೂಡಲೇ ಬೆರಕೆಯ ಅಭ್ಯಾಸಕ್ಕೆ ಹೊರಳಬೇಕು.

ನಾನು ಸೂಚಿಸುವ ಕ್ರಮ ಹೀಗಿದೆ. ನೂರರ ಬದಲು ನಲವತ್ತು ಚೆಂಡುಗಳನ್ನು ಮಾತ್ರ ತೆಗೆದುಕೊಳ್ಳಿ. ಮೊದಲ ಹತ್ತನ್ನು ವೆಡ್ಜಿನಿಂದ (ಹತ್ತಿರದ ಹೊಡೆತಗಳಿಗೆ ಬಳಸುವ ಓರೆ ಮುಖದ ಕ್ಲಬ್ಬಿನಿಂದ) ಅರ್ಧ ಸ್ವಿಂಗಿನಲ್ಲಿ ಹೊಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ನಿಮಗೆ ಪರಿಚಯವಿರುವ ಒಂದು ಮೈದಾನವನ್ನು ಮನಸ್ಸಿನಲ್ಲಿಟ್ಟುಕೊಂಡು ರೇಂಜಿನಲ್ಲಿಯೇ ಅದನ್ನು ಆಡಿರಿ: ಮೊದಲ ಹೋಲ್‌ಗೆ ಡ್ರೈವರ್, ಅದು ಎಲ್ಲಿ ಬಿತ್ತೋ ಅಲ್ಲಿಂದ ಉಳಿಯುವ ದೂರಕ್ಕೆ ತಕ್ಕ ಐರನ್ (ಲೋಹದ ಮುಖದ ಕ್ಲಬ್; ಸಂಖ್ಯೆ ಚಿಕ್ಕದಾದಷ್ಟೂ ದೂರ ಹೆಚ್ಚು), ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ತಪ್ಪಿದರೆ ವೆಡ್ಜ್. ಸತತ ಎರಡು ಚೆಂಡುಗಳಿಗೆ ಒಂದೇ ಕ್ಲಬ್ ಬಾರದಿರಲಿ. ಪ್ರತಿ ಚೆಂಡಿಗೂ ಹಿಂದಕ್ಕೆ ಸರಿದು ನಿಂತು ಗುರಿಯನ್ನು ನೋಡಿ, ಆ ಗುರಿಯ ರೇಖೆಯ ಮೇಲೆ ಚೆಂಡಿನ ಮುಂದೆ ಒಂದೆರಡು ಅಡಿಯಲ್ಲಿ ಒಂದು ಹುಲ್ಲಿನ ಎಸಳನ್ನೋ ಕಲೆಯನ್ನೋ ಗುರುತಿಸಿ, ಕ್ಲಬ್ಬಿನ ಮುಖವನ್ನು ಅದಕ್ಕೆ ಹೊಂದಿಸಿ, ಬಳಿಕ ನಿಮ್ಮ ಪಾದಗಳನ್ನು ಇಟ್ಟುಕೊಳ್ಳಿ. ಇಷ್ಟೆಲ್ಲ ಮಾಡಿದರೆ ನಲವತ್ತು ಚೆಂಡುಗಳೇ ಒಂದು ಗಂಟೆಯನ್ನು ತೆಗೆದುಕೊಳ್ಳುತ್ತವೆ, ಆ ಗಂಟೆ ಸಾರ್ಥಕವಾಗುತ್ತದೆ.

ಚೆಂಡು ಬಲಕ್ಕೆ ತಿರುಗುವ ವಿಷಯಕ್ಕೆ ಬಂದರೆ, ಹೊರಟ ಕ್ಷಣದಲ್ಲಿ ಚೆಂಡು ಹಿಡಿಯುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಕ್ಲಬ್ಬಿನ ಮುಖ. ಗಾಳಿಯಲ್ಲಿ ಅದು ಯಾವ ಕಡೆ ಬಾಗುತ್ತದೆ ಎಂಬುದು ಆ ಮುಖಕ್ಕೂ ಸ್ವಿಂಗಿನ ಹಾದಿಗೂ ನಡುವಿನ ಕೋನವನ್ನು ಅವಲಂಬಿಸಿದೆ. ಮುಖವು ಹಾದಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ರೇಂಜಿನ ಚಾಪೆಯ ಅಂಚುಗಳು ನಿಮಗೆ ಗೊತ್ತಿಲ್ಲದೆಯೇ ಪಾದಗಳನ್ನು ಸರಿಯಾಗಿ ನಿಲ್ಲಿಸುತ್ತವೆ; ಮೈದಾನದಲ್ಲಿ ಆ ಗೆರೆ ಇರುವುದಿಲ್ಲವಾದ್ದರಿಂದ ನೀವು ಬೇರೆ ದಿಕ್ಕಿಗೆ ನಿಂತು, ಅದನ್ನು ಸರಿದೂಗಿಸಲು ಕೈಗಳಿಂದ ಎಳೆಯುತ್ತಿರಬಹುದು. ಹೀಗಾಗಿ ಅಭ್ಯಾಸದಲ್ಲಿ ಚಾಪೆಯ ಅಂಚಿಗೆ ಓರೆಯಾಗಿರುವ ಗುರಿಗಳನ್ನೂ ಆರಿಸಿಕೊಳ್ಳಿ. ಚಾಪೆ ಇನ್ನೊಂದು ತಪ್ಪನ್ನೂ ಮುಚ್ಚಿಡುತ್ತದೆ. ಕ್ಲಬ್ ಚೆಂಡಿಗಿಂತ ಎರಡು ಬೆರಳು ಹಿಂದೆ ನೆಲಕ್ಕೆ ತಾಗಿದರೂ ಚಾಪೆಯ ಮೇಲೆ ಜಾರಿ ಚೆಂಡನ್ನು ತಲುಪುತ್ತದೆ, ಹೊಡೆತ ಚೆನ್ನಾಗಿಯೇ ಬಿತ್ತೆಂದು ತೋರುತ್ತದೆ. ಹುಲ್ಲಿನ ಮೇಲೆ ಅದೇ ಹೊಡೆತ ಮಣ್ಣಿನಲ್ಲಿ ಹೂತುಹೋಗುತ್ತದೆ. ರೇಂಜಿನಲ್ಲಿ ಸವೆದ ಚೆಂಡುಗಳೇ ಹೆಚ್ಚಾಗಿರುವುದರಿಂದ ಅಲ್ಲಿ ಸಿಕ್ಕ ದೂರವನ್ನು ನಿಮ್ಮ ನಿಜವಾದ ದೂರವೆಂದು ಲೆಕ್ಕ ಹಿಡಿಯಬೇಡಿ.

ಪ್ರಶ್ನೆ: ನಮ್ಮಲ್ಲಿ ಅಭ್ಯಾಸಕ್ಕೆ ಸಿಗುವುದು ಕೆಂಪು ಗರಸು ನೆಲ. ಮೈದಾನದಲ್ಲಿಯೂ ಹುಲ್ಲು ಸವೆದ ಗಟ್ಟಿ ಜಾಗದಲ್ಲಿ ಚೆಂಡು ನಿಂತರೆ ನನ್ನ ಸ್ಯಾಂಡ್ ವೆಡ್ಜ್ ನೆಲಕ್ಕೆ ಬಡಿದು ಮೇಲೆ ಪುಟಿಯುತ್ತದೆ, ಚೆಂಡು ಗ್ರೀನ್ ದಾಟಿ ಎಲ್ಲಿಗೋ ಹಾರಿಹೋಗುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ತೋರಣಗಲ್ಲು

ಉತ್ತರ: ಸ್ಯಾಂಡ್ ವೆಡ್ಜನ್ನು ತಿರುಗಿಸಿ ಅದರ ತಳವನ್ನು ನೋಡಿದರೆ ಕಾರಣ ಕಾಣುತ್ತದೆ. ತಳದ ಹಿಂಭಾಗವು ಮುಂದಿನ ಅಂಚಿಗಿಂತ ಕೆಳಗೆ ಉಬ್ಬಿಕೊಂಡಿರುತ್ತದೆ. ಇದನ್ನೇ ಬೌನ್ಸ್ ಎನ್ನುತ್ತಾರೆ. ಹೆಚ್ಚಿನ ಸ್ಯಾಂಡ್ ವೆಡ್ಜುಗಳಲ್ಲಿ ಇದು 10ರಿಂದ 14 ಡಿಗ್ರಿಯವರೆಗೆ ಇರುತ್ತದೆ. ಮೆದು ಮರಳಿನಲ್ಲಿ ಕ್ಲಬ್ ಆಳಕ್ಕೆ ಇಳಿಯದಂತೆ ಕಾಪಾಡುವ ಇದೇ ಉಬ್ಬು ಗಟ್ಟಿ ನೆಲದ ಮೇಲೆ ಮುಂದಿನ ಅಂಚನ್ನು ಮೇಲಕ್ಕೆತ್ತಿಬಿಡುತ್ತದೆ, ಅಂಚು ಚೆಂಡಿನ ನಡುಹೊಟ್ಟೆಗೆ ತಾಗುತ್ತದೆ. ನಿಮ್ಮ ಕೈಯ ತಪ್ಪಿಗಿಂತ ಕ್ಲಬ್ಬಿನ ಆಯ್ಕೆಯ ತಪ್ಪೇ ಇಲ್ಲಿ ದೊಡ್ಡದು.

ಅಂಥ ಜಾಗದಲ್ಲಿ ಪಿಚಿಂಗ್ ವೆಡ್ಜ್, 9 ಐರನ್ ಅಥವಾ 8 ಐರನ್ ಹಿಡಿಯಿರಿ. ಚೆಂಡು ನಿಲುವಿನ ನಡುವಿಗಿಂತ ತುಸು ಹಿಂದಿರಲಿ, ದೇಹದ ಭಾರ ಹೆಚ್ಚಾಗಿ ಎಡಗಾಲಿನ ಮೇಲಿರಲಿ ಮತ್ತು ಹೊಡೆತ ಮುಗಿಯುವ ತನಕ ಅಲ್ಲಿಯೇ ಉಳಿಯಲಿ, ಕೈಗಳು ಚೆಂಡಿಗಿಂತ ಸ್ವಲ್ಪ ಮುಂದಿರಲಿ. ಮಣಿಕಟ್ಟನ್ನು ಕೊಡವಿ ಚೆಂಡನ್ನು ಮೇಲೆತ್ತುವ ಆಸೆಯನ್ನು ಪೂರ್ತಿಯಾಗಿ ಬಿಡಬೇಕು. ಮೇಲೆತ್ತುವ ಕೆಲಸಕ್ಕೆ ಕ್ಲಬ್ಬಿನ ಓರೆಯೇ ಸಾಕು. ಚೆಂಡು ತಗ್ಗಾಗಿ ಹಾರಿ, ಬೇಗ ಇಳಿದು, ಉರುಳುತ್ತದೆ. ಸಮತಟ್ಟಾದ ಗ್ರೀನಿನ ಮೇಲೆ ಪಿಚಿಂಗ್ ವೆಡ್ಜಿನಿಂದ ಹಾರಿದ ದೂರದ ಸುಮಾರು ಎರಡರಷ್ಟು, 8 ಐರನ್ನಿನಿಂದ ಸುಮಾರು ಮೂರರಷ್ಟು ಉರುಳುತ್ತದೆ ಎಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ಚೆಂಡಿಗೂ ಗ್ರೀನಿಗೂ ನಡುವೆ ಅಡ್ಡಿಯಿಲ್ಲದಿದ್ದರೆ ಪಟರ್ (ಚೆಂಡನ್ನು ಉರುಳಿಸುವ ಕ್ಲಬ್) ಹಿಡಿಯಲು ಸಂಕೋಚ ಬೇಡ. ಗಟ್ಟಿ ನೆಲದ ಮೇಲೆ ಅದು ಎಲ್ಲಕ್ಕಿಂತ ನಂಬಿಕೆಯ ಕ್ಲಬ್.

ನಿಮ್ಮ ಗರಸು ನೆಲವನ್ನು ಕೊರತೆಯೆಂದು ಭಾವಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಚಾಪೆ ಮುಚ್ಚಿಡುವ ತಪ್ಪನ್ನು ಈ ನೆಲ ಆ ಕ್ಷಣದಲ್ಲಿಯೇ ಬಯಲಿಗೆಳೆಯುತ್ತದೆ. ಸಣ್ಣ ಕಲ್ಲುಗಳನ್ನು ಗುಡಿಸಿ, ರಂಗೋಲಿ ಪುಡಿಯಿಂದ ಒಂದು ಗೆರೆ ಎಳೆದು, ಚೆಂಡನ್ನು ಆ ಗೆರೆಯ ಮೇಲೆಯೇ ಇಡಿ. ಚಿಪ್ (ಇಂಥ ತಗ್ಗಾದ ಚಿಕ್ಕ ಹೊಡೆತ) ಹೊಡೆದ ಮೇಲೆ ಕ್ಲಬ್ ನೆಲಕ್ಕೆ ತಾಗಿದ ಗುರುತು ಗೆರೆಯಿಂದ ಗುರಿಯ ಕಡೆಗೆ ಇದ್ದರೆ ಹೊಡೆತ ಸರಿ, ಗೆರೆಯ ಹಿಂದೆ ಪುಡಿ ಚದುರಿದ್ದರೆ ಭಾರ ಬಲಗಾಲಿಗೆ ಜಾರಿದೆ ಎಂದರ್ಥ. ಚೆಂಡು ಮೊದಲು ಇಳಿಯಬೇಕಾದ ಕಡೆ ಒಂದು ಗೋಣಿಚೀಲ ಹಾಸಿ ಅದನ್ನೇ ಗುರಿ ಮಾಡಿಕೊಳ್ಳಿ. ಇದಕ್ಕೆ ಹಳೆಯ ಕ್ಲಬ್ ಬಳಸಿರಿ, ಚಿಕ್ಕ ಸ್ವಿಂಗುಗಳಿಗಷ್ಟೇ ಮಿತಿಗೊಳಿಸಿರಿ; ಕಲ್ಲಿನಂಥ ನೆಲಕ್ಕೆ ಪೂರ್ಣ ಸ್ವಿಂಗಿನಲ್ಲಿ ಬಡಿದರೆ ಮಣಿಕಟ್ಟಿಗೂ ಮೊಣಕೈಗೂ ಆಗುವ ನೋವು ತಿಂಗಳುಗಟ್ಟಲೆ ಉಳಿಯಬಹುದು. ಎರೆಭೂಮಿಯ ಊರುಗಳವರು ಬೇಸಿಗೆಯಲ್ಲಿ ಬಿರುಕಿಲ್ಲದ ಜಾಗವನ್ನು ಹುಡುಕಿಕೊಳ್ಳಬೇಕು. ಮಳೆಗಾಲದಲ್ಲಿ ಆ ನೆಲ ಕ್ಲಬ್ಬಿಗೆ ಮೆತ್ತಿಕೊಳ್ಳುವುದರಿಂದ ಅಲ್ಲಿ ಅಭ್ಯಾಸ ಆಗುವುದಿಲ್ಲ.

ಪ್ರಶ್ನೆ: ನಾನು ಗೃಹಿಣಿ, ಯಜಮಾನರೊಂದಿಗೆ ಆಡಲು ಕಲಿಯುತ್ತಿದ್ದೇನೆ. ಬಂಕರಿನಲ್ಲಿ (ಮೈದಾನದ ಮರಳಿನ ಗುಂಡಿಯಲ್ಲಿ) ಚೆಂಡು ಬಿದ್ದರೆ ಮೂರು ನಾಲ್ಕು ಹೊಡೆತ ಅಲ್ಲಿಯೇ ಮುಗಿಯುತ್ತವೆ. ಹಿತ್ತಲಿನಲ್ಲಿ ಮರಳಿನ ಗುಂಡಿ ಮಾಡಿಕೊಂಡು ಅಭ್ಯಾಸ ಮಾಡಬಹುದೇ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಖಂಡಿತ ಮಾಡಬಹುದು, ತಾಯಿ. ಇಬ್ಬರು ನಿಲ್ಲುವಷ್ಟು ಜಾಗದಲ್ಲಿ 10ರಿಂದ 15 ಸೆಂಟಿಮೀಟರ್ ಆಳಕ್ಕೆ ಮರಳು ಹರಡಿದರೆ ಸಾಕು. ಮನೆ ಕಟ್ಟಲು ತರುವ ಎಂ-ಸ್ಯಾಂಡ್ ಆದರೆ ಕಲ್ಲಿನ ಪುಡಿ ಹೋಗುವಂತೆ ತೊಳೆದು ಬಳಸಿರಿ, ಇಲ್ಲದಿದ್ದರೆ ಒಂದು ಮಳೆಗೆ ಗಚ್ಚಿನಂತಾಗುತ್ತದೆ. ಮುಂದೆ ಬಲೆ ಇರಲಿ, ಗೋಡೆ ಮತ್ತು ಕಿಟಕಿಗಳು ದೂರವಿರಲಿ.

ಬಂಕರಿನ ಹೊಡೆತದಲ್ಲಿ ಕ್ಲಬ್ ಚೆಂಡಿಗೆ ತಾಗುವುದೇ ಇಲ್ಲ ಎಂಬುದನ್ನು ಮನಸ್ಸು ಒಪ್ಪಬೇಕು. ಚೆಂಡಿನ ಕೆಳಗಿನಿಂದ ಜೋಳದ ರೊಟ್ಟಿಯಷ್ಟು ಅಗಲದ, ಅಷ್ಟೇ ತೆಳುವಾದ ಮರಳಿನ ಪದರವೊಂದನ್ನು ಎತ್ತಿ ಹೊರಗೆಸೆದರೆ ಚೆಂಡು ಅದರ ಮೇಲೆ ಕುಳಿತು ಹೊರಬರುತ್ತದೆ. ಆದ್ದರಿಂದ ಮೊದಲ ಕೆಲವು ದಿನ ಚೆಂಡೇ ಬೇಡ. ಮರಳಿನಲ್ಲಿ ಬೆರಳಿನಿಂದ ಒಂದು ಗೆರೆ ಎಳೆದು, ಅದನ್ನು ಎಡಪಾದದ ಹಿಮ್ಮಡಿಯ ಎದುರಿಗೆ ಬರುವಂತೆ ನಿಂತು, ಸ್ಯಾಂಡ್ ವೆಡ್ಜಿನ ಮುಖವನ್ನು ತುಸು ತೆರೆದು, ಗೆರೆಯ ಮೇಲೆ ಕ್ಲಬ್ ಇಳಿಯುವಂತೆ ಪೂರ್ಣವಾಗಿ ಬೀಸಿರಿ. ಗೆರೆಯ ಮೇಲೆಯೇ ಪ್ರತಿ ಸಲ ಮರಳು ಹಾರತೊಡಗಿದ ಮೇಲೆ ಗೆರೆಯಿಂದ ಮೂರು ಬೆರಳು ಮುಂದೆ ಚೆಂಡಿಡಿ. ಹೆಚ್ಚಿನವರು ಹೆದರಿ ಮರಳಿಗೆ ತಾಗಿದ ಕೂಡಲೇ ಕೈ ನಿಲ್ಲಿಸಿಬಿಡುತ್ತಾರೆ, ಚೆಂಡು ಅಲ್ಲಿಯೇ ಉಳಿಯುತ್ತದೆ. ಕೈಗಳು ಎಡಭುಜದ ತನಕ ಹೋಗಲೇಬೇಕು.

ಚೆಂಡು ಮರಳಿನಲ್ಲಿ ಅರ್ಧ ಹೂತಿದ್ದರೆ ಇದೆಲ್ಲ ತಿರುವುಮುರುವಾಗುತ್ತದೆ. ಆಗ ಮುಖವನ್ನು ತೆರೆಯದೆ ನೇರವಾಗಿ ಅಥವಾ ತುಸು ಮುಚ್ಚಿ ಹಿಡಿದು, ಚೆಂಡನ್ನು ನಿಲುವಿನ ನಡುವಿಗೆ ತಂದುಕೊಂಡು, ಕಡಿದಾಗಿ ಕೆಳಕ್ಕೆ ಹೊಡೆಯಿರಿ. ಮುಂದಿನ ಅಂಚು ಮರಳನ್ನು ಅಗೆದು ಹೋಗಬೇಕು. ಚೆಂಡು ಹೊರಬಂದು ಹೆಚ್ಚು ಉರುಳುತ್ತದೆ, ಅದಕ್ಕೆ ಜಾಗ ಲೆಕ್ಕ ಹಾಕಿಕೊಳ್ಳಿ. ಮಳೆ ಬಿದ್ದು ಮರಳು ಗಟ್ಟಿಯಾಗಿದ್ದರೂ ಮುಖವನ್ನು ಹೆಚ್ಚು ತೆರೆಯಬಾರದು. ಈ ಕ್ಲಬ್ ಇಂದಿನ ರೂಪಕ್ಕೆ ಬಂದದ್ದರಲ್ಲಿ ಅಮೆರಿಕದ ಜೀನ್ ಸಾರಜೆನ್ ಅವರ ಪಾಲು ದೊಡ್ಡದು. ಅವರು ತಮ್ಮ ಕ್ಲಬ್ಬಿನ ತಳಕ್ಕೆ ಲೋಹದ ಬೆಸುಗೆ ತುಂಬಿ ಉಬ್ಬು ಮಾಡಿಕೊಂಡು 1932ರ ಬ್ರಿಟಿಷ್ ಓಪನ್ ಗೆದ್ದರು. ಅಲ್ಲಿಯವರೆಗೆ ವೃತ್ತಿಪರ ಆಟಗಾರರೂ ಬಂಕರಿಗೆ ಅಂಜುತ್ತಿದ್ದರು ಎಂಬುದನ್ನು ನೆನೆದು ಧೈರ್ಯ ತಂದುಕೊಳ್ಳಿ.

ನಿಯಮದ ಎರಡು ಮಾತು. ಹೊಡೆಯುವ ಮುನ್ನ ಚೆಂಡಿನ ಹಿಂದೆ ಮುಂದೆ ಮರಳಿಗೆ ಕ್ಲಬ್ ತಾಗಿಸಬಾರದು, ಅಭ್ಯಾಸದ ಬೀಸಿನಲ್ಲಿಯೂ ತಾಗಿಸಬಾರದು. ಹಿತ್ತಲಿನಲ್ಲಿಯೂ ಇದನ್ನೇ ರೂಢಿಸಿಕೊಳ್ಳಿ. 2019ರಲ್ಲಿ ಪರಿಷ್ಕರಿಸಿದ ನಿಯಮಗಳ ಪ್ರಕಾರ, ಆಡಲಾಗದು ಎನಿಸಿದಾಗ ಎರಡು ದಂಡದ ಹೊಡೆತಗಳನ್ನು ಒಪ್ಪಿಕೊಂಡು ಬಂಕರಿನ ಹೊರಗೆ, ಹೋಲ್ ಮತ್ತು ಚೆಂಡನ್ನು ಕೂಡಿಸುವ ರೇಖೆಯ ಮೇಲೆ ಹಿಂದಕ್ಕೆ ಬಂದು ಚೆಂಡನ್ನು ಬಿಡಬಹುದು.

ಪ್ರಶ್ನೆ: ಕುಕನೂರಿನ ಕಡೆ ಗಾಳಿಯಂತ್ರಗಳು ಎದ್ದಿರುವ ಬಯಲಿನ ಪಕ್ಕದಲ್ಲಿ ನಾವು ಗೆಳೆಯರು ಅಭ್ಯಾಸ ಮಾಡುತ್ತೇವೆ. ಆಷಾಢದಲ್ಲಿ ಎದುರುಗಾಳಿಗೆ ಎಷ್ಟು ಜೋರಾಗಿ ಹೊಡೆದರೂ ಚೆಂಡು ಮೇಲೆದ್ದು ಅಲ್ಲಿಯೇ ಬೀಳುತ್ತದೆ.
— ಓದುಗರೊಬ್ಬರು, ಯಲಬುರ್ಗಾ ತಾಲ್ಲೂಕು

ಉತ್ತರ: ಜೋರಾಗಿ ಹೊಡೆಯುವುದರಿಂದಲೇ ಹಾಗಾಗುತ್ತದೆ. ಐರನ್ನಿನಿಂದ ಹೊಡೆದ ಚೆಂಡು ಹಿಮ್ಮುಖವಾಗಿ ಸುತ್ತುತ್ತ ಹಾರುತ್ತದೆ, ಆ ಸುತ್ತೇ ಅದನ್ನು ಮೇಲೆತ್ತುತ್ತದೆ. ಹೊಡೆತ ಬಿರುಸಾದಷ್ಟೂ ಸುತ್ತು ಹೆಚ್ಚುತ್ತದೆ, ಎದುರುಗಾಳಿಯಲ್ಲಿ ಆ ಎತ್ತುವಿಕೆ ಇನ್ನೂ ಬಲವಾಗಿ ಚೆಂಡು ಮುಗಿಲಿಗೇರಿ ನಿಂತುಬಿಡುತ್ತದೆ. 7 ಐರನ್ ಹಿಡಿಯಬೇಕಾದ ದೂರಕ್ಕೆ 6 ಅಥವಾ 5 ಐರನ್ ಹಿಡಿದು, ಹಿಡಿಕೆಯಲ್ಲಿ ಒಂದು ಅಂಗುಲ ಕೆಳಕ್ಕೆ ಕೈಯಿಟ್ಟು, ಚೆಂಡನ್ನು ತುಸು ಹಿಂದಿಟ್ಟು, ಮುಕ್ಕಾಲು ಸ್ವಿಂಗಿನಲ್ಲಿ ನಿಧಾನವಾಗಿ ಹೊಡೆಯಿರಿ. ಹೊಡೆತದ ಕೊನೆಯಲ್ಲಿ ಕೈಗಳು ಎದೆಯ ಎತ್ತರಕ್ಕೆ ನಿಲ್ಲಲಿ. ಹಿಂಗಾಳಿಯಲ್ಲಿ ಚೆಂಡು ಇಳಿದ ಮೇಲೆ ನಿಲ್ಲುವುದಿಲ್ಲವಾದ್ದರಿಂದ ಗ್ರೀನಿಗಿಂತ ಮೊದಲೇ ಇಳಿಸಬೇಕು. ಅಡ್ಡಗಾಳಿಯಿದ್ದರೆ ಗುರಿಯನ್ನು ಗಾಳಿ ಬರುವ ಕಡೆಗೆ ಸರಿಸಿಕೊಳ್ಳಿ, ಚೆಂಡನ್ನು ಗಾಳಿಗೆದುರಾಗಿ ಬಾಗಿಸಲು ಹೋಗಬೇಡಿ.

ಬೆಂಗಳೂರಿನ ಮರಗಳ ನಡುವೆ ಅಭ್ಯಾಸ ಮಾಡುವವರಿಗೆ ಸಿಗದ ಪಾಠ ನಿಮ್ಮ ಬಯಲಿನಲ್ಲಿದೆ. ಗಾಳಿಯ ದಿನ ಅಭ್ಯಾಸ ಬಿಡಬೇಡಿ. ಒಂದೇ ಕ್ಲಬ್ಬಿನಿಂದ ನಾಲ್ಕೂ ದಿಕ್ಕಿಗೆ ಹೊಡೆದು, ಪ್ರತಿ ಸಲ ನಡೆದು ಹೆಜ್ಜೆ ಎಣಿಸಿ ಬರೆದಿಟ್ಟುಕೊಳ್ಳಿ. ಮುಂದೆ ದನಕರು, ಜನ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಮಾತ್ರ ಎಲ್ಲಕ್ಕಿಂತ ಮೊದಲು. 45.93 ಗ್ರಾಂವರೆಗೆ ತೂಗುವ ಆ ಗಟ್ಟಿ ಚೆಂಡು ತಲೆಗೆ ತಾಗಿದರೆ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಇಳಿಜಾರಿನಲ್ಲಿ ಚೆಂಡು ನಿಂತಾಗ ಯಾವ ಕಡೆ ಗುರಿಯಿಡಬೇಕು?
— ಓದುಗರೊಬ್ಬರು, ಸಂಡೂರು

ಉತ್ತರ: ಚೆಂಡು ಪಾದಗಳಿಗಿಂತ ಮೇಲಿದ್ದರೆ ಅದು ಎಡಕ್ಕೆ ಹೋಗುತ್ತದೆ, ಹಿಡಿಕೆಯನ್ನು ಚಿಕ್ಕದಾಗಿ ಹಿಡಿದು ಬಲಕ್ಕೆ ಗುರಿಯಿಡಿ. ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ. ಸೊಂಟದಿಂದ ಇನ್ನಷ್ಟು ಬಾಗಿ, ಹೊಡೆಯುವವರೆಗೂ ಆ ಬಾಗನ್ನು ಬಿಡದೆ ಎಡಕ್ಕೆ ಗುರಿಯಿಡಿ. ಏರಿನಲ್ಲಿ ಹೊಡೆಯುವಾಗ ಭುಜಗಳು ಏರಿಗೆ ಸಮಾನಾಂತರವಾಗಿರಲಿ, ಚೆಂಡು ಎತ್ತರಕ್ಕೆ ಹಾರಿ ಕಡಿಮೆ ದೂರ ಹೋಗುವುದರಿಂದ ಒಂದು ಕ್ಲಬ್ ದೊಡ್ಡದನ್ನು ಹಿಡಿಯಿರಿ. ಇಳಿಜಾರಿನಲ್ಲಿ ಕ್ಲಬ್ ನೆಲವನ್ನೇ ಹಿಂಬಾಲಿಸಿ ಕೆಳಗೆ ಹೋಗಬೇಕು. ಚೆಂಡು ತಗ್ಗಾಗಿ ಹೋಗಿ ಬಹಳ ಉರುಳುತ್ತದೆ. ನಾಲ್ಕರಲ್ಲಿಯೂ ಮುಕ್ಕಾಲು ಸ್ವಿಂಗ್ ಸಾಕು, ಸಮತೋಲ ತಪ್ಪಿದರೆ ಉಳಿದ ಯಾವ ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ. ನಿಮ್ಮೂರಿನಲ್ಲಿ ಇಳಿಜಾರಿಗೆ ಬರವಿಲ್ಲ. ಚೆಂಡಿಲ್ಲದೆ ಬರಿಯ ಬೀಸುಗಳನ್ನೇ ಅಲ್ಲಿ ಅಭ್ಯಾಸ ಮಾಡಿದರೂ ಪಾದಗಳು ಕಲಿಯುತ್ತವೆ.

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ದೂರ ಹೊಡೆಯಲು ಆಗುತ್ತಿಲ್ಲವೆಂದು ಬೇಸರಪಡುತ್ತಾಳೆ. ದಿನಕ್ಕೆ ಎಷ್ಟು ಚೆಂಡು ಹೊಡೆಸಬೇಕು?
— ತಂದೆಯೊಬ್ಬರು, ಸಿಂಧನೂರು

ಉತ್ತರ: ಎಷ್ಟು ಎಂಬುದಕ್ಕಿಂತ ಯಾವುದು ಎಂಬುದನ್ನು ಮೊದಲು ನೋಡೋಣ. 72 ಹೊಡೆತಗಳ ಪಾರ್ (ಆಟ ಮುಗಿಸಲು ನಿಗದಿಯಾದ ಹೊಡೆತಗಳ ಲೆಕ್ಕ) ಇರುವ 18 ಹೋಲ್‌ಗಳ ಮೈದಾನದಲ್ಲಿ ಹೋಲ್‌ಗೆ ಎರಡರಂತೆ 36 ಹೊಡೆತಗಳನ್ನು ಪಟರಿಗೆ ಮೀಸಲಿಟ್ಟು ಲೆಕ್ಕ ಹಾಕಿರುತ್ತಾರೆ. ಅರ್ಧ ಆಟ ಗ್ರೀನಿನ ಮೇಲೆ ನಡೆಯುತ್ತದೆ, ಅದಕ್ಕೆ ತೋಳ್ಬಲ ಬೇಡ. ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವವರಲ್ಲಿ ಎಂದೂ ಮುಂದಿದ್ದವರಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಟರಿನ ಬಲದಿಂದಲೇ ನಾಲ್ಕನೆಯ ಸ್ಥಾನಕ್ಕೇರಿದರು. ಬೆಳ್ಳಿ, ಕಂಚು ಗೆದ್ದ ಇಬ್ಬರಿಗಿಂತ ಅವರು ಹಿಂದುಳಿದದ್ದು ಒಂದೇ ಹೊಡೆತದಿಂದ. ಈ ಸಂಗತಿಯನ್ನು ಮಗಳಿಗೆ ಹೇಳಿರಿ.

ಮನೆಯ ಪಡಸಾಲೆಯಲ್ಲಿ ಜಮಖಾನದ ಮೇಲೆ ಪಟರ್ ಅಭ್ಯಾಸ ನಡೆಯಲಿ. ಗಾಲ್ಫಿನ ಹೋಲ್ 108 ಮಿಲಿಮೀಟರ್ ಅಗಲವಿರುತ್ತದೆ. ಅದಕ್ಕಿಂತ ಚಿಕ್ಕದಾದ ಲೋಟವೊಂದನ್ನು ಮಲಗಿಸಿ ಗುರಿ ಮಾಡಿಕೊಂಡರೆ ಮೈದಾನದ ಹೋಲ್ ದೊಡ್ಡದಾಗಿ ಕಾಣುತ್ತದೆ. ಬಯಲಿನಲ್ಲಿ ಪೂರ್ಣ ಸ್ವಿಂಗ್ ಮೂವತ್ತು ಚೆಂಡುಗಳನ್ನು ಮೀರದಿರಲಿ, ವಾರಕ್ಕೆ ಎರಡು ದಿನ ಪೂರ್ತಿ ವಿಶ್ರಾಂತಿಯಿರಲಿ. ಬೆಳೆಯುವ ಮೂಳೆಗಳಿಗೆ ಅದು ಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ದಿನಗಳು ಸಾಮಾನ್ಯ; ಆ ತಿಂಗಳುಗಳಲ್ಲಿ ಬೆಳಗಿನ ಎಂಟು ಗಂಟೆಯೊಳಗೆ ಅಭ್ಯಾಸ ಮುಗಿಸಬೇಕು. ದೊಡ್ಡವರ ಕ್ಲಬ್ಬನ್ನು ಕತ್ತರಿಸಿ ಕೊಡಬೇಡಿ, ಅದರ ಕೋಲು ಗಡುಸಾಗಿ ಬಾಗದಂತಾಗುತ್ತದೆ, ತೂಕವೂ ಅವಳಿಗೆ ಹೆಚ್ಚು. ಅವಳ ಎತ್ತರಕ್ಕೆ ತಕ್ಕ ಹಗುರ ಕ್ಲಬ್ಬುಗಳು ನಾಲ್ಕೈದು ಇದ್ದರೆ ಸಾಕು.

ಪ್ರಶ್ನೆ: 60 ಡಿಗ್ರಿಯ ಲಾಬ್ ವೆಡ್ಜ್ (ಚೆಂಡನ್ನು ಬಹಳ ಎತ್ತರಕ್ಕೆ ಹಾರಿಸುವ ವೆಡ್ಜ್) ಕೊಳ್ಳಲೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಈಗ ಬೇಡ. ಆ ಕ್ಲಬ್ಬಿಗೆ ದೊಡ್ಡ ಸ್ವಿಂಗ್ ಬೇಕು, ದೊಡ್ಡ ಸ್ವಿಂಗಿನಲ್ಲಿ ತಪ್ಪೂ ದೊಡ್ಡದಾಗುತ್ತದೆ. ಇರುವ ಸ್ಯಾಂಡ್ ವೆಡ್ಜಿನಿಂದ 20, 35, 50 ಮೀಟರಿಗೆ ಬೇಕೆಂದಾಗ ಚೆಂಡನ್ನು ಇಳಿಸಲು ಬಂದ ಮೇಲೆ ಯೋಚಿಸಿರಿ.

ಪ್ರಶ್ನೆ: ಚೆಂಡು ಬಳ್ಳಾರಿ ಜಾಲಿಯ ಮೆಳೆಯೊಳಗೆ ಹೋದರೆ ಹೇಗೆ ಆಡಬೇಕು? ಕೊಂಬೆ ಮುರಿಯಬಹುದೇ?
— ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಬೆಳೆದು ನಿಂತ ಕೊಂಬೆಯನ್ನು ನಿಮ್ಮ ಸ್ವಿಂಗಿಗೆ ದಾರಿ ಮಾಡಿಕೊಳ್ಳಲು ಮುರಿಯುವಂತಿಲ್ಲ, ಕಟ್ಟಿ ಸರಿಸುವಂತಿಲ್ಲ. ಹುಡುಕಲು 3 ನಿಮಿಷ ಮಾತ್ರ ಅವಕಾಶವಿದೆ, ಆ ಬಳಿಕ ಚೆಂಡು ಕಳೆದುಹೋದಂತೆಯೇ. ಸಿಕ್ಕರೆ, ಆಡಲಾಗದು ಎಂದು ಘೋಷಿಸಿ ಒಂದು ದಂಡದ ಹೊಡೆತದೊಂದಿಗೆ ಮೂರರಲ್ಲಿ ಒಂದು ದಾರಿ ಹಿಡಿಯಬಹುದು: ಹಿಂದಿನ ಹೊಡೆತ ಹೊಡೆದ ಜಾಗಕ್ಕೆ ಮರಳುವುದು, ಹೋಲ್ ಮತ್ತು ಚೆಂಡಿನ ರೇಖೆಯ ಮೇಲೆ ಎಷ್ಟು ದೂರವಾದರೂ ಹಿಂದಕ್ಕೆ ಹೋಗುವುದು, ಚೆಂಡಿನಿಂದ ಎರಡು ಕ್ಲಬ್ಬಿನ ಅಳತೆಯೊಳಗೆ, ಹೋಲ್‌ಗೆ ಹತ್ತಿರವಾಗದಂತೆ ಪಕ್ಕಕ್ಕೆ ಬಿಡುವುದು. ಚೆಂಡನ್ನು ಮೊಣಕಾಲಿನ ಎತ್ತರದಿಂದ ಬಿಡಬೇಕು. ಜಾಲಿಯ ಮೆಳೆ ದೊಡ್ಡದಾಗಿದ್ದರೆ ಎರಡು ಕ್ಲಬ್ಬಿನ ಅಳತೆಯಲ್ಲಿಯೂ ಮುಳ್ಳಿನಿಂದ ಹೊರಬರಲಾಗದು, ಆಗ ರೇಖೆಯ ಮೇಲೆ ಹಿಂದಕ್ಕೆ ಹೋಗುವುದೇ ಲೇಸು. ಮೆಳೆಯ ಅಂಚಿನಲ್ಲಿದ್ದು ಕ್ಲಬ್ ಬೀಸಲು ಸ್ವಲ್ಪ ಜಾಗವಿದ್ದರೂ ಗ್ರೀನಿನ ಕಡೆ ನೋಡದೆ, 7 ಐರನ್ನಿನಿಂದ, ಹುಲ್ಲು ಸಮನಾಗಿ ಕತ್ತರಿಸಿದ ಹತ್ತಿರದ ಫೇರ್‌ವೇಗೆ ಅಡ್ಡಲಾಗಿ ತಳ್ಳಿರಿ. ಕೈಯನ್ನು ಒಳಗೆ ಚಾಚುವ ಮೊದಲು ಕ್ಲಬ್ಬಿನಿಂದ ಮೆಳೆಯನ್ನು ಅಲುಗಿಸಿ ನೋಡಿರಿ. ಹಾವುಗಳು ಅಲ್ಲಿ ನೆರಳಿಗೆ ಮಲಗಿರುತ್ತವೆ.